ಅತ್ತೆಯ ಅಭ್ಯಂತರ

“ಓದದೆ ನಾನು ಯಾವ ಕಾಗದಕ್ಕೂ ರುಜು ಹಾಕಲ್ಲ,” ಎಂದು ಅತ್ತೆ ಕನ್ನಡಕ ಏರಿಸಿಕೊಂಡು ಊಟದ ಮೇಜಿನ ಮುಂದೆ ಕೂತಾಗ ಸೊಸೆ ಗಡಿಯಾರ ನೋಡಿದಳು. ಹಾಕದಿದ್ದರೆ ಮುಗೀತು ಕಥೆ. ಒಂಬತ್ತು ವರ್ಷ ಕಾಫಿ ಅಂಗಡಿಗಳ ಮೂಲೆಯಲ್ಲಿ, ಇಪ್ಪತ್ತು ಕುರ್ಚಿ ಏಳು ಜನರ ಮುಂದೆ ಮೈಕ್ ಹಿಡಿದು ನಗಿಸಿದ ಮೇಲೆ, ಈಗ ತಾನೇ ಟಿವಿಯವರು ಅವಳೊಬ್ಬಳಿಗೇ ಅಂತ ಒಂದು ಗಂಟೆ ಕೊಟ್ಟಿದ್ದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಚಿತ್ರೀಕರಣ. ಇವತ್ತು ಮಧ್ಯಾಹ್ನ ಚಾನೆಲ್ಲಿನ ವಕೀಲ ಒಂದು ಫಾರ್ಮ್ ಕಳಿಸಿದ್ದ. ಮನೆಯವರಲ್ಲಿ ಯಾರ ಮೇಲೆ ಜೋಕು ಮಾಡುತ್ತೀರೋ ಅವರೆಲ್ಲ ಆ ಜೋಕುಗಳ ಕೆಳಗೆ ‘ನನ್ನ ಅಭ್ಯಂತರವಿಲ್ಲ’ ಎಂದು ರುಜು ಹಾಕಿಕೊಡಬೇಕಂತೆ. ಒಂದು ರುಜು ಕಮ್ಮಿಯಾದರೂ ಕಾರ್ಯಕ್ರಮ ಇಲ್ಲವಂತೆ.

ಗಂಡನ ಮೇಲೆ ನಾಲ್ಕು ಜೋಕಿದ್ದವು. ಅವನು ಕಣ್ಣೂ ಹಾಯಿಸದೆ ಗೀಚಿ ಕೊಟ್ಟು ಅಡುಗೆಮನೆಗೆ ಓಡಿದ್ದ. “ಮದುವೆ ರಿಜಿಸ್ಟರಿಗೂ ಹೀಗೇ ಹಾಕಿದ್ದು ಇವನು,” ಎಂದರು ಅತ್ತೆ. ಅವರು ಹಾಗಲ್ಲ. ನೋಂದಣಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತೆಯಾಗಿದ್ದವರು. ಕ್ರಯಪತ್ರದಲ್ಲಿ ಬಿಟ್ಟುಹೋದ ಬಾವಿಯನ್ನೇ ಹುಡುಕಿ ತೆಗೆದವರು. ಅವರ ಪಾಲಿಗೆ ಹನ್ನೆರಡು ಸಾಲು ಬಂದಿದ್ದವು.

“ಒಂದನೇದು,” ಎಂದು ಅತ್ತೆ ಕೆಂಪು ಪೆನ್ನು ತೆರೆದರು. “‘ನಮ್ಮತ್ತೆ ಒಂದ್ಸಲ ದಿಟ್ಟಿಸಿ ನೋಡಿದ್ರೆ ಹಾಲು ತಾನಾಗೇ ಒಡೆಯುತ್ತೆ.’ ಯಾವ ಹಾಲು?”

“ಅಯ್ಯೋ, ಜೋಕು ಅತ್ತೆ.”

“ನೀನು ಪಾತ್ರೆ ಸರಿಯಾಗಿ ತೊಳೀದೆ ಕಾಸಿದ್ದಕ್ಕೆ ಒಡೀತು. ಪಕ್ಕದಲ್ಲಿ ಬರೀತೀನಿ.” ಬರೆದೇಬಿಟ್ಟರು. “ಎರಡನೇದು. ‘ಮದುವೆಯಾದ ಮೊದಲನೇ ವಾರ ನಮ್ಮತ್ತೆ ನಮ್ಮ ಕೋಣೆ ಬಾಗಿಲನ್ನ ಮೂರು ಸಲ ಬಡಿದ್ರು.’ ಎರಡೇ ಸಲ.”

“ಮೂರು ಅಂದ್ರೆ ನಗು ಬರುತ್ತೆ.”

“ಎರಡು ಅಂದ್ರೆ ನಿಜ ಆಗುತ್ತೆ. ಅದರಲ್ಲೂ ಒಂದ್ಸಲ ಗ್ಯಾಸ್ ವಾಸನೆ ಬಂದಿತ್ತು.”

ಹೀಗೇ ಸಾಗಿತು. ‘ನಮ್ಮತ್ತೆ ಗುಟ್ಟು ಹೇಳೋಕೆ ಶುರು ಮಾಡಿದ್ರೆ ಪಕ್ಕದ ಮನೆಯವರು ಟಿವಿ ಸೌಂಡು ಕಮ್ಮಿ ಮಾಡ್ತಾರೆ’ ಎಂಬುದಕ್ಕೆ ಮಾತ್ರ, “ಇದು ಸರಿಯಾಗಿದೆ, ಅವರಿಗೆ ಕುತೂಹಲ ಜಾಸ್ತಿ,” ಎಂದು ಗುರುತು ಹಾಕಿದರು. ಗೊರಕೆಯ ಜೋಕಿಗೆ ಬಂದಾಗ, “ಇದು ನಾನಲ್ಲ, ನನ್ನ ಮಗ. ಅವನ ಹೆಸರಿಗೆ ವರ್ಗಾಯಿಸು,” ಎಂದರು.

“ನಾನೆಲ್ಲಿ ಗೊರಕೆ ಹೊಡೀತೀನಿ?” ಎಂಬ ದನಿ ಅಡುಗೆಮನೆಯಿಂದ ಬಂತು.

“ನೀನು ಸುಮ್ನಿರು!” ಎಂದರು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ.

ಒಂಬತ್ತನೆಯದಕ್ಕೆ ಪೆನ್ನು ನಿಂತಿತು. ‘ನಮ್ಮ ಮಾವ ಕೊನೇ ಹತ್ತು ವರ್ಷ ಕಿವಿ ಕೇಳಿಸಲ್ಲ ಅಂತ ನಾಟಕ ಆಡಿದ್ರು. ಅವರು ಹೋಗೋವರೆಗೂ ನಮ್ಮತ್ತೆಗೆ ಗೊತ್ತಾಗ್ಲೇ ಇಲ್ಲ.’ ಅತ್ತೆ ಅದನ್ನು ಗಟ್ಟಿಯಾಗಿ ಓದಲಿಲ್ಲ. ಬರೆಯುವಾಗ ನಕ್ಕಿದ್ದ ಸೊಸೆಗೆ ಈಗ ನಾಚಿಕೆಯಾಯಿತು. ಸತ್ತವರನ್ನು ಎಳೆದು ತರಬಾರದಿತ್ತು.

“ತಪ್ಪಾಯ್ತು ಅತ್ತೆ. ಅದನ್ನ ತೆಗೆದುಬಿಡ್ತೀನಿ.”

“ಯಾಕೆ ತೆಗೀತೀಯ? ನಂಗೆ ಮೊದಲನೇ ದಿನಾನೇ ಗೊತ್ತಾಗಿತ್ತು. ಗೊತ್ತು ಅಂತ ಬಾಯಿಬಿಟ್ಟಿದ್ರೆ, ಆಮೇಲೆ ಹತ್ತು ವರ್ಷ ಬಾಯಿಗೆ ಬಂದ ಹಾಗೆ ಬೈಯೋಕೆ ಆಗ್ತಿತ್ತಾ? ಅವರಿಗೂ ಆರಾಮು, ನಂಗೂ ಆರಾಮು.”

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಹೊಟ್ಟೆಕಿಚ್ಚೂ ಪಟ್ಟಳು. ತಾನು ಆರು ತಿಂಗಳು ತಿದ್ದಿ ತೀಡಿದ ಜೋಕಿಗಿಂತ ಇದು ಚೆನ್ನಾಗಿತ್ತು. “ಅತ್ತೆ, ನಾಳೆ ಇದನ್ನೂ ಹೇಳ್ಲಾ?”

“ಅದಕ್ಕೆ ಬೇರೆ ಫಾರ್ಮ್ ತಗೊಂಡು ಬಾ.”

ಹತ್ತು, ಹನ್ನೊಂದು ಸಲೀಸಾಗಿ ದಾಟಿದವು. ಸೊಸೆ ನಿಟ್ಟುಸಿರುಬಿಟ್ಟು ಕುರ್ಚಿಗೆ ಒರಗಿದಳು. ಹನ್ನೆರಡನೆಯದು ಜೋಕಲ್ಲ. ಒಂದು ಗಂಟೆ ಮನೆಯವರ ಮಾನ ಹರಾಜು ಹಾಕಿದ ಮೇಲೆ ಕೊನೆಯಲ್ಲೊಂದು ಮೆತ್ತನೆಯ ಮಾತು ಹೇಳಿ ಕೈಮುಗಿಯುವುದು ಅವಳ ಕಸುಬಿನ ವಾಡಿಕೆ. ಅತ್ತೆ ಅದನ್ನು ಓದಿದರು. ಪೆನ್ನಿಗೆ ಮುಚ್ಚಳ ಹಾಕಿದರು.

“ಇದಕ್ಕೆ ನನ್ನ ಅಭ್ಯಂತರ ಇದೆ. ರುಜು ಹಾಕಲ್ಲ.”

“ಅತ್ತೆ! ಅಲ್ಲಿ ನಿಮ್ಮನ್ನ ಹೊಗಳಿದ್ದೀನಿ! ಚಪ್ಪಾಳೆ ಬೀಳೋ ಜಾಗ ಅದು!” ಸೊಸೆಗೆ ಅಳುವೇ ಬಂದಿತು. ಬೈದಿದ್ದನ್ನೆಲ್ಲ ಒಪ್ಪಿಕೊಂಡು ಹೊಗಳಿದ್ದಕ್ಕೆ ತಕರಾರು ತೆಗೆಯುವವರನ್ನು ಏನು ಮಾಡುವುದು?

“ಏನು ಬರೆದಿದ್ದೀಯ, ನೀನೇ ಓದು.”

“‘ಏನೇ ಅಂದ್ರೂ ಅವರು ನನ್ನ ಅತ್ತೆಯಲ್ಲ, ತಾಯಿ.’”

“ಹನ್ನೊಂದು ಕಡೆ ಬೈದಿದ್ದೀಯ, ಹನ್ನೊಂದು ಕಡೇನೂ ಅತ್ತೆ ಅಂತಾನೇ ಬರೆದಿದ್ದೀಯ. ಒಂದೇ ಒಂದು ಒಳ್ಳೆ ಮಾತು ಬಂತು ನೋಡು, ತಕ್ಷಣ ನಾನು ತಾಯಿ ಆಗ್ಬಿಟ್ಟೆ.” ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. “ಯಾಕಮ್ಮಾ, ಒಳ್ಳೆ ಮಾತಿಗೆ ಅತ್ತೆ ಸಾಲಲ್ವಾ?”

ಒಂಬತ್ತು ವರ್ಷ, ಕತ್ತಲಲ್ಲಿ ಕೂತು ಕೂಗುವವರಿಗೆಲ್ಲ ಮಾತಿಗೆ ಮಾತು ಕೊಟ್ಟವಳು ಈಗ ಕೆಂಪು ಪೆನ್ನು ತೆಗೆದುಕೊಂಡು ಕೊನೆಯ ತುಂಡನ್ನು ಹೊಡೆದು ಹಾಕಿ, ಹಾಳೆಯನ್ನು ಮತ್ತೆ ಮುಂದಕ್ಕೆ ತಳ್ಳಿದಳು. ‘ಏನೇ ಅಂದ್ರೂ ಅವರು ನನ್ನ ಅತ್ತೆ’ ಎಂದಷ್ಟೇ ಉಳಿದಿತ್ತು.

ಅತ್ತೆ ಅದನ್ನು ಎರಡು ಸಲ ಓದಿ, ಪೆನ್ನಿಗಾಗಿ ಕೈ ಚಾಚಿದರು.