ದಾರಿಯ ಕಥೆಗೆ ಹ್ಞೂಂ

ಒಂದಾನೊಂದು ಹೆದ್ದಾರಿಯಲ್ಲಿ ಈರುಳ್ಳಿ ತುಂಬಿದ ಲಾರಿಯೊಂದು ಹೋಗುತ್ತಿತ್ತು. ಓಡಿಸುವ ಗಂಡನಿಗೆ ಎಷ್ಟೋ ದಿನದ ನಿದ್ದೆ ಬಾಕಿ. ಅವನನ್ನು ತೂಕಡಿಸಲು ಬಿಡುವುದಿಲ್ಲವೆಂದು ಹೆಂಡತಿ ಅತ್ತೆಗೆ ಮಾತು ಕೊಟ್ಟು ಪಕ್ಕದಲ್ಲಿ ಕೂತಿದ್ದಳು.

"ದಾರೀಲಿ ಕಂಡಿದ್ದೆಲ್ಲ ಹೇಳ್ತೀನಿ. ಅಜ್ಜಿ ಕಥೆಗೆ ಅಂದಂಗೆ ಹ್ಞೂಂ ಅನ್ನಬೇಕು, ತಿಳೀತಾ?"

"ಹ್ಞೂಂ."

"ಗುಡ್ಡದ ಮೇಲೆ ದೊಡ್ಡ ಫ್ಯಾನು ತಿರುಗ್ತಿವೆ."

"ಹ್ಞೂಂ."

ಬಿಸಿಲೇರಿತು. ಅವಳ ನಾಲಿಗೆ ಸೋತಿತು.

"ಕುರಿಮಂದೆ ಹೊಂಟಿದೆ."

"ಹ್ಞೂಂ."

"ಎಮ್ಮೆ ರೇಷ್ಮೆ ಸೀರೆ ಉಟ್ಟಿದೆ."

"ಹ್ಞೂಂ."

"ಹುಣಸೆಮರ ಕೂತ್ಕೊಂಡು ಚಾ ಕುಡೀತಿದೆ."

"ಹ್ಞೂಂ."

ಅವಳು ಕೂಗಿಕೊಂಡಳು: "ಇದಕ್ಕೂ ಹ್ಞೂಂ? ಅಯ್ಯೋ, ನಿದ್ದೆಗಣ್ಣಲ್ಲಿ ಲಾರಿ ಓಡಿಸ್ತಿದ್ದೀರಾ! ಏಳ್ರೀ!"

ಗಂಡ ಇಂಜಿನ್ ಆರಿಸಿ ಅವಳ ಭುಜ ಅಲುಗಿಸಿದ.

"ನೀನು ಏಳೇ, ಈರುಳ್ಳಿ ಮಂಡಿ ಬಂತು. ಟೋಲ್ ದಾಟಿದಾಗಿಂದ ನಿದ್ದೇಲಿ ಕನವರಿಸ್ತಿದ್ದೀಯ. ಮುಂದೇನು ಹೇಳ್ತೀಯೋ ಅಂತ ನಾನು ರೆಪ್ಪೇನೇ ಮುಚ್ಚಲಿಲ್ಲ."