ಹಿತ್ತಲ ಬಾಗಿಲಿಲ್ಲದ ಮನೆ

ಗುಡ್ಡದ ನೆತ್ತಿಯ ಕೋಟೆಯೊಳಗಿನ ಹಳೆಯ ಊರು ನೋಡಲು ಅವನು ಮಗಳ ಕೈ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ದಾರಿ ತೋರಿಸಲು ಆ ಊರಿನದೇ ಮುದುಕನೊಬ್ಬ ಜೊತೆಗಿದ್ದ.

“ಇದೇ ನಮ್ಮ ಮೂಲ ಊರು ಅಂತ ಅಪ್ಪ ಸಾಯೋ ಮುಂಚೆ ಹೇಳಿದ್ರು. ನಾವು ರಾಜರ ಕಡೆಯವರೇ ಇರಬೇಕು. ಎಷ್ಟು ದೊಡ್ಡ ಮನೆ ಕಟ್ಟಿಸಿದ್ರೂ ನಮ್ಮ ಮನೆತನದಲ್ಲಿ ಹಿತ್ತಲ ಬಾಗಿಲು ಇಡೋ ಹಾಗಿಲ್ಲ. ಹಿಂದಿನಿಂದ ಓಡಿಹೋಗೋ ಜನ ಅಲ್ಲ ನಾವು!” ಎಂದು ಅವನು ಹೆಮ್ಮೆಯಿಂದ ಹೇಳಿಕೊಂಡ.

ಮುದುಕ ಗಕ್ಕನೆ ನಿಂತು ಅವನ ಮುಖ ದಿಟ್ಟಿಸಿದ. “ಬರ್ರಿ,” ಎಂದಷ್ಟೇ ಹೇಳಿ ಮುಂದೆ ನಡೆದ.

ಬುರುಜು, ಕಣಜ, ಹೊಂಡ ಎಲ್ಲ ತೋರಿಸಿದ ಮೇಲೆ ಅವರನ್ನು ಆಳೆತ್ತರದ ಒಂದು ಕಲ್ಲುಗುಪ್ಪೆಯ ಬಳಿಗೆ ಕರೆತಂದ.

“ಇದು ದ್ರೋಹಿ ಗೋರಿ. ಬಂದವ್ರು ಒಂದೊಂದು ಕಲ್ಲು ಒಗೀಬೇಕ್ರಿ. ಕಾವಲಿಗಿದ್ದಂವನೇ ವೈರಿಗಳನ್ನ ಒಳಗ ಬಿಟ್ಟ. ನಮ್ಮ ಮನ್ಯಾಗ ಒಂದ ಹಗಲಿನಾಗ ಹನ್ನೊಂದು ಹೆಣ ಬಿದ್ವು, ತೊಟ್ಟಿಲ ಕೂಸು ಸೈತ.”

ಅವನ ಮೈ ಉರಿದುಹೋಯಿತು. ದೊಡ್ಡ ಕಲ್ಲೊಂದನ್ನು ಎತ್ತಿ ಬೀಸಿದ. ಮಗಳ ಕೈಯಿಂದಲೂ ಒಂದು ಹಾಕಿಸಿದ. “ಅವನ ವಂಶ ನಿರ್ವಂಶ ಆಗಲಿ!” ಎಂದು ಶಪಿಸಿ ಗುಪ್ಪೆಯ ಮೇಲೆ ಉಗಿದ.

“ಇನ್ನಾ ಆಗಿಲ್ರಿ,” ಎಂದ ಮುದುಕ, ಹುಡುಗಿಯ ತಲೆ ಸವರುತ್ತ. “ಅಂವ ತಗದದ್ದು ಕೋಟಿಯ ಹಿಂದಿನ ಬಾಗ್ಲಾ. ಆ ನಾಚಿಕಿಗೆ ಅವನ ಮಂದಿ ಇವತ್ತಿಗೂ ಮನಿಗೆ ಹಿತ್ತಲ ಬಾಗ್ಲಾ ಇಡಂಗಿಲ್ಲ.”