ಡೊಮಿಂಗೊನ ಬಲಗಣ್ಣು

ಇನ್ನೊಂದು ಸಲ ನಡೆಸು ಎಂದರು ಲೌದೆಲಿನೊ. ಬೆಂತಾಂಕೂರ್ ಮೂಗುದಾರ ಹಿಡಿದು, ತನ್ನ ಬೀಜದ ಹೋರಿ ಡೊಮಿಂಗೊನನ್ನು ಕಲ್ಲುಹಾಸಿನ ಅಂಗಳದ ಆ ತುದಿಯಿಂದ ಈ ತುದಿಗೆ ನಡೆಸಿಕೊಂಡು ಬಂದ. ಕೆಂಪು ಮೈ, ಬಿಳಿ ಮುಖ, ನಡೆದರೆ ನೆಲ ಅದುರುವಂಥ ಭಾರ. ಲೌದೆಲಿನೊ ಬೇಲಿಗೆ ಒರಗಿ, ಮುಖವನ್ನು ಗುಡ್ಡದ ಕಡೆ ತಿರುಗಿಸಿ, ಕಿವಿಯನ್ನಷ್ಟೇ ಹೋರಿಗೆ ಕೊಟ್ಟು ನಿಂತಿದ್ದರು.

"ಎಡ ಹಿಂಗಾಲು. ಹೊರಗಿನ ಗೊರಸು ಉದ್ದ ಬೆಳ್ದಿದೆ, ಊರೋಕ್ ಮುಂಚೆ ಒಂಚೂರು ಎಳೀತಾನೆ. ಹಿಂಗೇ ಹಸುಗಳ ಮೇಲೆ ಬಿಟ್ರೆ ಎರಡು ವಾರಕ್ಕೆ ಕುಂಟ್ತಾನೆ. ನಾಳೇನೇ ಕತ್ತರಿಸ್ಬಿಡು."

ಬೆಂತಾಂಕೂರ್ ಬಗ್ಗಿ ನೋಡಿದ. ಹಾಗೇ ಇತ್ತು. ದಿನಾ ಜೊತೆಗೇ ಇರ್ತೀನಿ, ನನಗೇ ಕಂಡಿರಲಿಲ್ಲವಲ್ಲ ಎಂದು ತಲೆ ತುರಿಸಿಕೊಂಡ.

ಅಪ್ಪ ಲೌದೆಲಿನೊರ ಪಕ್ಕದಲ್ಲಿದ್ದ ನಿದಿಯಾಗೆ ಎದೆಯುಬ್ಬಿತು. ತಕ್ವಾರೆಂಬೊದ ಈ ಗುಡ್ಡಗಾಡಿನಲ್ಲಿ ನಲವತ್ತು ವರ್ಷದಿಂದ ಲೌದೆಲಿನೊ ಕೈಯಿಟ್ಟು ಆಗಬಹುದು ಎಂದ ಮೇಲೇ ಹೋರಿಗಳು ಮಂದೆಗೆ ಇಳಿಯುತ್ತಿದ್ದವು. ಆ ಕಣ್ಣುಗಳಲ್ಲಿ ಈಗ ನೆರಳು ಬೆಳಕಿನಾಚೆ ಏನೂ ಉಳಿದಿಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತು. ಯಾರಿಗೂ ಹೇಳಕೂಡದೆಂದು ಪಟ್ಟಣದ ಡಾಕ್ಟರ ಮನೆಯಿಂದ ಬರುವ ದಾರಿಯಲ್ಲೇ ಅವರು ಆಣೆ ಹಾಕಿಸಿಕೊಂಡಿದ್ದರು. ಅಂದಿನಿಂದ ಎರಡು ವರ್ಷ, ಹೋದಹೋದ ಅಂಗಳದಲ್ಲೆಲ್ಲ ಅವಳು ಅರ್ಧ ಹೆಜ್ಜೆ ಮುಂದೆ ನಡೆದಿದ್ದಳು. ಮೆಟ್ಟಿಲು ಬಂದರೆ ಒಮ್ಮೆ ಕೆಮ್ಮುತ್ತಿದ್ದಳು, ಕೆಸರು ಬಂದರೆ ಎರಡು ಸಲ.

ಹೋರಿಯನ್ನು ಹಲಗೆಗಳ ನಡುವಿನ ಇಕ್ಕಟ್ಟಿಗೆ ತಂದು ನಿಲ್ಲಿಸಿದರು. ಲೌದೆಲಿನೊ ಒಳಗೆ ಕೈ ತೂರಿಸಿ ಬೆನ್ನು, ಪಕ್ಕೆಲುಬು, ಬಾಲದ ಬುಡ ಒಂದೊಂದನ್ನೇ ಒತ್ತಿ ನೋಡಿದರು. ಸೊರಗಿಲ್ಲ, ಅತಿ ಕೊಬ್ಬೂ ಇಲ್ಲ, ಎಪ್ಪತ್ತು ಹಸುಗಳ ಹಿಂದೆ ಎರಡು ತಿಂಗಳು ಓಡಾಡಿ ಇಳಿದು ಹೋಗಲು ಬೇಕಾದಷ್ಟು ಮಾಂಸ ಇದೆ ಎಂದರು. ಹಿಂಗಾಲ ಮಂಡಿಯಲ್ಲಿ ನೀರಿಲ್ಲ. ಬೀಜ ಎರಡೂ ಸಮ, ಗಟ್ಟಿ. ಒಂದೊಂದು ಮಾತಿಗೂ ಬೆಂತಾಂಕೂರನ ಮುಖ ಅರಳುತ್ತಿತ್ತು. ತಾಯಿ ಸತ್ತ ಕರುವನ್ನು ಅಡುಗೆಮನೆಯಲ್ಲಿಟ್ಟುಕೊಂಡು ಸೀಸೆಹಾಲು ಕುಡಿಸಿ ಬೆಳೆಸಿದವನು ಅವನು. ಹುಟ್ಟಿದ್ದು ಭಾನುವಾರ, ಅವರ ಮಾತಿನಲ್ಲಿ ಡೊಮಿಂಗೊ, ಅದೇ ಹೆಸರಾಯಿತು.

ಆಗ ಹೋರಿ ನೊಣ ಓಡಿಸಲು ತಲೆ ಕೊಡವಿತು. ಬಿಸಿಲು ಅದರ ಬಿಳಿ ಮುಖದ ಮೇಲೆ ಬಿತ್ತು. ಬಲಗಣ್ಣಿನ ಕೆಳರೆಪ್ಪೆಯ ಅಂಚಿನಲ್ಲಿ ಬೇಳೆಯಷ್ಟು ದಪ್ಪದ ಒಂದು ಗುಲಾಬಿ ಗಂಟು, ಅದರಿಂದ ಕೆನ್ನೆಗಿಳಿದ ತೇವದ ಗೆರೆ. ನಿದಿಯಾ ಹಲಗೆಯ ಸಂದಿಯಲ್ಲಿ ಬಗ್ಗಿ ನೋಡಿದಳು. ಬಿಳಿ ಮುಖದ ತಳಿಗೆ ಬರುವ ಕ್ಯಾನ್ಸರ್ ಹುಣ್ಣು ಅದು. ಹಿಂದಾದರೆ ಅಪ್ಪ ಗೇಟಿನಲ್ಲೇ ಕಂಡುಹಿಡಿದಿರುತ್ತಿದ್ದರು.

"ಆಗಬಹುದು," ಎಂದು ಲೌದೆಲಿನೊ ಜೇಬಿನಿಂದ ಸುಣ್ಣದ ಕಡ್ಡಿ ತೆಗೆದರು. ಹೋರಿಯ ಪೃಷ್ಠದ ಮೇಲೆ ಒಂದು ಗೆರೆ ಎಳೆದರೆ ಒಪ್ಪಿಗೆ, ಕತ್ತರಿ ಗುರುತಾದರೆ ಇಲ್ಲ.

"ಅಪ್ಪಾ, ಕಣ್ಣು," ಎಂದಳು ಅವಳು ಮೆಲ್ಲಗೆ.

"ನೋಡ್ದೆ. ಚೆನ್ನಾಗಿದೆ."

ಹೋರಿಯ ವಿಷಯದಲ್ಲಿ ಅಪ್ಪ ಸುಳ್ಳು ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಹಲಗೆ ಹಿಡಿದ ಅವರ ಬೆರಳುಗಳು ಬೆಳ್ಳಗಾಗಿದ್ದವು. ಸುಮ್ಮನಿದ್ದರೆ ಅಪ್ಪನ ಹೆಸರು ಉಳಿಯುತ್ತದೆ. ಆದರೆ ಬರುವ ವರ್ಷ ಎಪ್ಪತ್ತು ಕರುಗಳು ಇದೇ ಬಿಳಿ ರೆಪ್ಪೆ ಹೊತ್ತು ಹುಟ್ಟಬಹುದು. ಅವಳು ಕೆಮ್ಮಲಿಲ್ಲ.

"ನೀನು ನೋಡಿಲ್ಲಪ್ಪ. ಬಲಗಣ್ಣಲ್ಲಿ ಗಂಟಿದೆ. ಕೊಯ್ಸಿದ್ರೆ ಇವನು ಉಳೀತಾನೆ, ಆದ್ರೆ ಇವನ ಮಕ್ಕಳಿಗೂ ಬರಬಹುದು. ಮಂದೆಗೆ ಬಿಡೋ ಹಂಗಿಲ್ಲ."

ಲೌದೆಲಿನೊ ಟೋಪಿ ತೆಗೆದು ಎದೆಗಿಟ್ಟುಕೊಂಡರು. ತನಗೆ ಕಣ್ಣು ಹೋಗಿ ಎರಡು ವರ್ಷವಾಯಿತು, ಮುಚ್ಚಿಟ್ಟದ್ದು ತನ್ನದೇ ತಪ್ಪು, ಮಗಳದ್ದಲ್ಲ ಎಂದರು ಬೆಂತಾಂಕೂರನಿಗೆ.

"ಗೊತ್ತಿತ್ತು, ಯಜಮಾನ್ರೇ," ಎಂದ ಬೆಂತಾಂಕೂರ್. "ಹೋದ್ವರ್ಷ ಗೂಟಕ್ಕೆ ನೇತಾಕಿದ್ದ ನನ್ ಹೆಂಡ್ತಿ ಕೋಟಿನ ಹತ್ರ ಕ್ಷೇಮಸಮಾಚಾರ ಕೇಳಿದ್ರಿ. ಅವಳು ಒಳಗಿಂದ್ಲೇ ಉತ್ರ ಕೊಟ್ಳು."

"ಮತ್ತೆ ಯಾಕೋ ಕರೆದೆ?"

"ಎರಡು ಕಣ್ಣಿಟ್ಕೊಂಡು ಆ ಗೊರಸು ನಂಗ್ ಕಂಡಿತ್ತಾ?" ಎಂದ ಅವನು. ಡೊಮಿಂಗೊನ ಹಣೆಯ ಸುಳಿಗೆ ಕೈಯಿಟ್ಟು, ಗಂಟನ್ನು ತಾನೂ ನೋಡಿದ. ಕೊಯ್ಸೋಣ, ಮಂದೆಗೆ ಬೇರೆ ಹೋರಿ ತರೋಣ, ಇವನು ಸುಮ್ಮನೆ ಮೇಯ್ದುಕೊಂಡಿರಲಿ ಎಂದ. ಹುಲ್ಲು ತಿನ್ನೋದಕ್ಕೆ ಯಾರ ಒಪ್ಪಿಗೇನೂ ಬೇಡವಲ್ಲ ಎಂದು ನಗಲು ನೋಡಿದ.

ಲೌದೆಲಿನೊ ಸುಣ್ಣದ ಕಡ್ಡಿಯನ್ನು ಮಗಳ ಕೈಗೆ ಕೊಟ್ಟರು. ನಿದಿಯಾ ಹೋರಿಯ ಹಿಂಬದಿಗೆ ಹೋಗಿ ನಿಂತಳು. ಕೈ ಮೇಲೇಳಲಿಲ್ಲ.

"ಹಾಕಿದ್ಯಾ?"

"ಹೂಂ."

ಅವರು ಹಲಗೆ ಸವರಿಕೊಂಡು ಬಂದು ಹೋರಿಯ ಪೃಷ್ಠದ ಮೇಲೆ ಅಂಗೈ ಎಳೆದರು. ಬೆರಳು ಬೆರಳಿಗೆ ಉಜ್ಜಿ ನೋಡಿದರು, ಸುಣ್ಣದ ಧೂಳು ಹತ್ತಿರಲಿಲ್ಲ. ಕಡ್ಡಿ ಹಿಡಿದ ಅವಳ ಮುಷ್ಟಿಯನ್ನು ತಮ್ಮ ಮುಷ್ಟಿಯೊಳಗೆ ತೆಗೆದುಕೊಂಡರು. ಇಬ್ಬರೂ ಸೇರಿ ಮೊದಲ ಗೆರೆ ಎಳೆದರು, ಅದರ ಮೇಲೆ ಅಡ್ಡಕ್ಕೆ ಎರಡನೆಯದು.

ಆ ಕಡೆ ಡೊಮಿಂಗೊ ಕತ್ತು ಚಾಚಿ, ಬೆಂತಾಂಕೂರನ ತೋಳಿನ ಬೆವರುಪ್ಪನ್ನು ನಿಧಾನವಾಗಿ ನೆಕ್ಕುತ್ತಿತ್ತು.